ಆರತಿಗೊಬ್ಬಳು, ಕೀರ್ತಿಗೊಬ್ಬ ಆಯ್ತು. 25ಕ್ಕೇ ಆಪರೇಷನ್ ಮಾಡಿಸಲೇಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನಗೆ 25 ವರ್ಷ. ರಾಣೆಬೆನ್ನೂರು ಹತ್ತಿರದ ಹಳ್ಳಿ ನಮ್ಮದು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎಂಟು ತಿಂಗಳು. ಮಗ ಸಿಸೇರಿಯನ್ ಆಗಿ ಹುಟ್ಟಿದ. ಅವನಿಗೆ ಇನ್ನೂ ಹಾಲು ಕುಡಿಸುತ್ತೇನೆ, ಹೆರಿಗೆಯಾದ ಮೇಲೆ ಮುಟ್ಟು ಬಂದಿಲ್ಲ. ಯಜಮಾನರು ಲಾರಿ ಓಡಿಸುತ್ತಾರೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಹೋದ ತಿಂಗಳು ಎರಡು ಸಲ ಮೆಡಿಕಲ್ ಶಾಪ್‌ನಿಂದ 72 ತಾಸಿನ ಮಾತ್ರೆ ತಂದುಕೊಟ್ಟರು, ನುಂಗಿದೆ. ಅತ್ತೆ "ಗಂಡು ಹೆಣ್ಣು ಎರಡೂ ಆದವು, ಇನ್ನೇನು, ಆಪರೇಷನ್ ಮಾಡಿಸಿಬಿಡು" ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಮೂರನೆಯದು ಬೇಕು ಅಂತಲ್ಲ, ಮಗ ಇನ್ನೂ ಸಣ್ಣವನು, ಯಾಕೋ ಭಯ. ಆಶಾ ಅಕ್ಕ ಕಾಪರ್-ಟಿ ಹಾಕಿಸು ಅಂದರು. ತವರಿನ ವೈನಿ ಅದು ಎದೆಗೆ ಏರುತ್ತದೆ, ಉಷ್ಣ ಆಗುತ್ತದೆ ಅಂತ ಹೆದರಿಸಿದ್ದಾರೆ. ಮೂರು ತಿಂಗಳ ಇಂಜೆಕ್ಷನ್ ತೊಗೊಂಡರೆ ಮುಟ್ಟು ನಿಂತು ಕೆಟ್ಟ ರಕ್ತ ಒಳಗೇ ಉಳಿಯುತ್ತದಂತೆ. ಯಜಮಾನರಿಗೆ ಆಪರೇಷನ್ ಮಾಡಿಸಬಹುದಾ ಅಂತ ಒಮ್ಮೆ ಬಾಯಿ ಬಿಟ್ಟಿದ್ದಕ್ಕೆ ಮನೆಯಲ್ಲಿ ದೊಡ್ಡ ಜಗಳ ಆಯಿತು. ತಾಯಿ ಕಾರ್ಡಿನಲ್ಲಿ ಕೊನೆಯ ಸಲ ರಕ್ತ (ಹಿಮೋಗ್ಲೋಬಿನ್) 9.2 ಅಂತ ಬರೆದಿದ್ದಾರೆ. ಇದರಲ್ಲಿ ಯಾವುದು ಒಳ್ಳೆಯದು, ಯಾವುದರಿಂದ ಅಪಾಯ, ಬಿಡಿಸಿ ಹೇಳಿ.

ಉತ್ತರ: ಉಳಿದ ಮಾತು ಆಮೇಲೆ. ಮೊದಲು ಬಸಿರು ಇದೆಯಾ ಅಂತ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಆಶಾ ಅಕ್ಕನ ಹತ್ತಿರ ನಿಶ್ಚಯ್ ಕಿಟ್ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರದಲ್ಲಿ ನೋಡಿ. ಕೊನೆಯ ಸಲ ಗಂಡನ ಜೊತೆ ಕೂಡಿ ಮೂರು ವಾರ ಆಗಿದ್ದರೆ ಫಲಿತಾಂಶ ನಂಬಬಹುದು. ಅಷ್ಟು ದಿನ ಆಗಿಲ್ಲದಿದ್ದರೆ ಈಗೊಮ್ಮೆ ನೋಡಿ, ಮೂರು ವಾರ ತುಂಬಿದ ಮೇಲೆ ಇನ್ನೊಮ್ಮೆ ನೋಡಿ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂದರೆ, "ಹಾಲು ಕುಡಿಸುವಾಗ ಬಸಿರು ನಿಲ್ಲುವುದಿಲ್ಲ" ಅನ್ನುವ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಮೂರು ಷರತ್ತು ಒಟ್ಟಿಗೆ ಇದ್ದರೆ ಮಾತ್ರ ಅದು ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಬಂದಿರಬಾರದು. ಆಗ ನೂರರಲ್ಲಿ 98 ಜನರಿಗೆ ರಕ್ಷಣೆ ಸಿಗುತ್ತದೆ. ನಿಮ್ಮ ಮಗನಿಗೆ ಎಂಟು ತಿಂಗಳು. ಇಷ್ಟೊತ್ತಿಗೆ ರಾಗಿ ಗಂಜಿ, ಮೆತ್ತನೆ ಅನ್ನ ಶುರು ಮಾಡಿರುತ್ತೀರಿ. ಅಂದರೆ ಆ ರಕ್ಷಣೆ ಮುಗಿಯಿತು. ಮುಟ್ಟು ಬಂದಿಲ್ಲವಲ್ಲ ಅನ್ನುವ ಧೈರ್ಯವೂ ಬೇಡ. ಹೆರಿಗೆಯಾದ ಮೇಲೆ ಅಂಡಾಣು ಮೊದಲು ಬಿಡುಗಡೆಯಾಗುತ್ತದೆ, ಮುಟ್ಟು ಬರುವುದು ಅದಾದ ಎರಡು ವಾರಕ್ಕೆ. ಆ ಮೊದಲ ಅಂಡಾಣುವಿಗೇ ಬಸಿರು ನಿಂತರೆ ಮುಟ್ಟು ಕಾಣಿಸುವುದೇ ಇಲ್ಲ. ಹೊಟ್ಟೆ ಯಾಕೋ ಉಬ್ಬಿದ ಹಾಗಿದೆ, ಗ್ಯಾಸ್ ಇರಬೇಕು ಅಂತ ಬಂದವರಿಗೆ ಸ್ಕ್ಯಾನಿಂಗ್ ಮಾಡಿ ನಾಲ್ಕು ತಿಂಗಳು ಅಂತ ಹೇಳಿದ್ದು ನನಗೆ ಒಂದೆರಡು ಸಲ ಅಲ್ಲ. ಹುಬ್ಬಳ್ಳಿಯಲ್ಲಿ 20 ವರ್ಷದ ಮೇಲಾಯಿತು ಈ ಕೆಲಸ ಶುರು ಮಾಡಿ. ನರಗುಂದ, ಸವಣೂರು, ಹಾನಗಲ್ ಕಡೆಯಿಂದ ಬಂದು ಈ ಮಾತು ಕೇಳಿ ಸುಮ್ನೆ ಕೂತುಬಿಟ್ಟವರ ಮುಖ ನನಗೆ ಇವತ್ತಿಗೂ ನೆನಪಿದೆ.

ನಿಮ್ಮದು ಸಿಸೇರಿಯನ್ ಹೊಟ್ಟೆ ಬೇರೆ. ಗರ್ಭಕೋಶದ ಮೇಲಿನ ಹೊಲಿಗೆ ಗಟ್ಟಿಯಾಗಲು ಸಮಯ ಬೇಕು. ಬೇಗ ಮತ್ತೆ ಬಸಿರಾದರೆ ಆ ಗಾಯ ಬಿರಿಯುವ ಅಪಾಯ ಜಾಸ್ತಿ. ಮುಂದಿನದು ಬೇಕು ಅನ್ನುವವರಿಗೂ ಕನಿಷ್ಠ ಒಂದೂವರೆ ಎರಡು ವರ್ಷ ತಡೆಯಿರಿ ಅಂತಲೇ ನಾವು ಹೇಳುವುದು.

ಅಕಸ್ಮಾತ್ ಎರಡು ಗೆರೆ, ಅಂದರೆ ಬಸಿರು ಅಂತ ಬಂದರೆ ಗಾಬರಿಯಾಗಿ ಮೆಡಿಕಲ್ ಶಾಪ್‌ನಿಂದ ಗರ್ಭ ತೆಗೆಯುವ ಮಾತ್ರೆ ತಂದು ನುಂಗಬೇಡಿ. ಹಳೆಯ ಹೊಲಿಗೆ, ಕಡಿಮೆ ರಕ್ತ, ಎಷ್ಟು ವಾರದ ಬಸಿರು ಅಂತ ಗೊತ್ತಿಲ್ಲ. ಇವು ಮೂರೂ ಸೇರಿದರೆ ಮನೆಯಲ್ಲೇ ರಕ್ತ ಹರಿದು ಜೀವಕ್ಕೆ ಬರುತ್ತದೆ. ಡಾಕ್ಟರ್ ಹತ್ತಿರ ಹೋಗಿ. 1971ರ ಗರ್ಭಪಾತದ ಕಾನೂನು ಇದೆ, 2021ರಲ್ಲಿ ಅದನ್ನು ಇನ್ನಷ್ಟು ಸಡಿಲ ಮಾಡಿದ್ದಾರೆ. ಗರ್ಭನಿರೋಧಕ ಸೋತು ಬಸಿರಾದರೆ 20 ವಾರದ ಒಳಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ತೆಗೆಸಲು ಅವಕಾಶ ಇದೆ. 18 ತುಂಬಿದ ಹೆಂಗಸಿಗೆ ಅವಳ ಸಹಿಯೊಂದೇ ಸಾಕು. ಒಂದೇ ಗೆರೆ ಬರಲಿ ಅಂದುಕೊಂಡು ಮುಂದಿನದು ಬರೆಯುತ್ತೇನೆ.

ಈಗ ಆ 72 ತಾಸಿನ ಮಾತ್ರೆ, ಅಂದರೆ ಕೂಡಿದ 72 ತಾಸಿನೊಳಗೆ ನುಂಗುವ ತುರ್ತು ಮಾತ್ರೆ. ಅದರಿಂದ ಗರ್ಭಕೋಶ ಕೆಡುವುದಿಲ್ಲ, ಹಾಲು ಬತ್ತುವುದಿಲ್ಲ, ಮುಂದೆ ಮಕ್ಕಳಾಗದಂತೆ ಆಗುವುದೂ ಇಲ್ಲ. ಆ ಚಿಂತೆ ಬಿಡಿ. ಅದು ಗರ್ಭಪಾತದ ಮಾತ್ರೆಯೂ ಅಲ್ಲ. ಅಂಡಾಣು ಬಿಡುಗಡೆಯಾಗುವುದನ್ನು ಕೆಲವು ದಿನ ಮುಂದಕ್ಕೆ ಹಾಕುತ್ತದೆ, ಅಷ್ಟೇ ಅದರ ಕೆಲಸ. ಅಂಡಾಣು ಆಗಲೇ ಹೊರಟುಬಿಟ್ಟಿದ್ದರೆ ಮಾತ್ರೆ ನುಂಗಿಯೂ ಉಪಯೋಗವಿಲ್ಲ. ನಿಮಗೆ ಮುಟ್ಟೇ ಬಂದಿಲ್ಲ, ಅಂಡಾಣು ಯಾವಾಗ ಬಂತು ಅಂತ ತಿಳಿಯುವುದು ಹೇಗೆ? ಒಂದು ಮಾತ್ರೆಯಲ್ಲಿ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್ ಇರುತ್ತದೆ. ದಿನಾ ನುಂಗುವ ಸರ್ಕಾರಿ ಗರ್ಭನಿರೋಧಕ ಮಾಲಾ-ಎನ್ ಮಾತ್ರೆಯಲ್ಲಿ ಅದೇ ಹಾರ್ಮೋನ್ ಇರುವುದು 0.15 ಮಿಲಿಗ್ರಾಂ, ಹತ್ತರಲ್ಲಿ ಒಂದು ಪಾಲು. ಇಷ್ಟು ದೊಡ್ಡ ಪ್ರಮಾಣ ತೊಗೊಂಡೂ ದಿನದ ಮಾತ್ರೆಯಷ್ಟು ಭರವಸೆ ಸಿಗುವುದಿಲ್ಲ. ಕಾಂಡೋಮ್ ಹರಿದಾಗ ನುಂಗುವುದಕ್ಕೆ ಸರಿ, ಹದಿನೈದು ದಿನಕ್ಕೊಮ್ಮೆ ಇದನ್ನೇ ನೆಚ್ಚಿಕೊಳ್ಳುವುದಕ್ಕೆ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತುಂಬಾ ಕಾಡಿದ್ದು ಬೇರೆಯೇ ವಿಷಯ. ನಮ್ಮ ಕಡೆ ಹೆಂಗಸರಿಗೆ ಎರಡೇ ದಾರಿ ತೋರಿಸುತ್ತಾರೆ. ಎರಡು ಮಗು ಆಗುವವರೆಗೆ ಏನೂ ಇಲ್ಲ, ಎರಡಾದ ಮೇಲೆ ಆಪರೇಷನ್. ನಡುವೆ ಒಂದು ದಾರಿ ಇದೆ ಅಂತ ಯಾರೂ ಹೇಳುವುದಿಲ್ಲ. ಸುಮ್ನೆ ಹೇಳುತ್ತಿಲ್ಲ, ಲೆಕ್ಕವೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಆದವರು. ದೇಶದ ಸರಾಸರಿ 38. ಗಂಡಸರ ಆಪರೇಷನ್ನಿನ ಲೆಕ್ಕ ನಮ್ಮ ರಾಜ್ಯದಲ್ಲಿ ಸೊನ್ನೆಯ ಹತ್ತಿರ. ನಿಮ್ಮ ಅತ್ತೆ ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ಅವರಿಗೆ ಗೊತ್ತಿರುವ ದಾರಿ ಅದೊಂದೇ. ಅವರ ವಯಸ್ಸಿನವರು ಕ್ಯಾಂಪಿಗೆ ಹೋಗಿ ಮಾಡಿಸಿಕೊಂಡು ಬಂದವರು.

ಆಪರೇಷನ್ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ನಾನೇ ಸಾವಿರಾರು ಮಾಡಿದ್ದೇನೆ. ಇನ್ನು ಸಾಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡ ಹೆಂಗಸಿಗೆ ಅದು ದೊಡ್ಡ ನಿರಾಳ. ಮುಟ್ಟು ನಿಲ್ಲುವುದಿಲ್ಲ, ಹೆಂಗಸುತನ ಹೋಗುವುದಿಲ್ಲ, ಗಂಡ ಹೆಂಡತಿಯ ಸುಖಕ್ಕೆ ಏನೂ ಆಗುವುದಿಲ್ಲ. ಯಾಕೆಂದರೆ ಅಂಡಾಶಯ ಮುಟ್ಟುವುದೇ ಇಲ್ಲ, ಅಂಡಾಣು ಬರುವ ನಳಿಕೆಯನ್ನು ಮಾತ್ರ ಕಟ್ಟುತ್ತೇವೆ. ಸೋಲುವುದು 200ರಲ್ಲಿ ಒಬ್ಬರಿಗೆ. ಆದರೆ ಹಾಗೆ ಸೋತಾಗ ನಳಿಕೆಯಲ್ಲೇ ಬಸಿರು ನಿಲ್ಲುವ ಸಾಧ್ಯತೆ ಇರುತ್ತದೆ, ಅದು ಒಡೆದರೆ ಪ್ರಾಣಕ್ಕೆ ಕುತ್ತು. ಹಾಗಾಗಿ ಆಪರೇಷನ್ ಆದವರೂ ಮುಟ್ಟು ತಪ್ಪಿದರೆ "ನನಗೆ ಆಪರೇಷನ್ ಆಗಿದೆಯಲ್ಲ" ಅಂತ ಕೂರಬಾರದು, ತಕ್ಷಣ ತೋರಿಸಬೇಕು. ಇದನ್ನು ಡಿಸ್ಚಾರ್ಜ್ ದಿನ ಹೇಳದೆ ಕಳಿಸಿರುತ್ತಾರೆ, ಅದಕ್ಕೇ ಇಲ್ಲಿ ಬರೆದೆ.

ನಿಮಗೆ ಮಾತ್ರ ಈಗಲೇ ಬೇಡ ಅನ್ನುತ್ತೇನೆ, ಕಾರಣ ನಿಮ್ಮ ವಯಸ್ಸು ಮತ್ತು ನಿಮ್ಮ ಮನಸ್ಸು. ಅಮೆರಿಕದಲ್ಲಿ ಆಪರೇಷನ್ ಆದ ಹೆಂಗಸರನ್ನು 14 ವರ್ಷ ಬೆನ್ನು ಹತ್ತಿ ಕೇಳಿದ ದೊಡ್ಡ ಅಧ್ಯಯನ ಒಂದಿದೆ. 30ರ ಒಳಗೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 20 ಜನ ಮುಂದೆ ಪಶ್ಚಾತ್ತಾಪಪಟ್ಟರು. 30 ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಆರೇ ಜನ. ಕೆಲವು ವರ್ಷದ ಹಿಂದೆ ಗದಗ ಕಡೆಯಿಂದ ಒಬ್ಬ ತಾಯಿ ಬಂದಿದ್ದರು. 22ಕ್ಕೆ ಆಪರೇಷನ್ ಆಗಿತ್ತು, 26ಕ್ಕೆ ಜ್ವರದಲ್ಲಿ ಮಗನನ್ನು ಕಳೆದುಕೊಂಡಿದ್ದರು. ಸೆರಗಿನ ತುದಿಗೆ ಗಂಟು ಹಾಕುತ್ತಾ ಬಿಚ್ಚುತ್ತಾ ಒಂದೇ ಮಾತು ಕೇಳಿದರು, "ಕಟ್ಟಿದ್ದನ್ನ ಬಿಚ್ಚಾಕ ಬರ್ತೈತೇನ್ರಿ?" ನಳಿಕೆ ಮತ್ತೆ ಜೋಡಿಸುವ ಆಪರೇಷನ್ ಇದೆ. ಆದರೆ ಜೋಡಿಸಿದ್ದೆಲ್ಲ ಕೆಲಸ ಮಾಡುವುದಿಲ್ಲ, ಖರ್ಚೂ ಜಾಸ್ತಿ. ಅವರಿಗೆ ಜೋಡಿಸಿದೆವು. ಬಸಿರು ನಿಲ್ಲಲಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. "ಯಾಕೋ ಭಯ" ಅಂತ ಬರೆದಿದ್ದೀರಲ್ಲ, ಆ ಭಯಕ್ಕೆ ಅರ್ಥ ಇದೆ, ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ.

ಹಾಗಾದರೆ ನಡುವಿನ ದಾರಿ ಯಾವುದು?

ಕಾಪರ್-ಟಿ ಅಥವಾ ವಂಕಿಯಿಂದ ಶುರು ಮಾಡೋಣ, ಎಲ್ಲಕ್ಕಿಂತ ಜಾಸ್ತಿ ಸುಳ್ಳು ಹಬ್ಬಿರುವುದು ಇದರ ಬಗ್ಗೆಯೇ. ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಒಂದು ಕಾಪರ್-ಟಿ ಯಾವಾಗಲೂ ಇರುತ್ತದೆ. ಬಂದವರ ಅಂಗೈ ಮೇಲೆ ಇಟ್ಟು "ಮುಟ್ಟಿ ನೋಡಿ" ಅನ್ನುತ್ತೇನೆ. ಮೊನ್ನೆ ಒಬ್ಬರು ಬಂದಿದ್ದರು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು. ಬೆರಳು ಕಾದು ಕಾದು ಗಟ್ಟಿಯಾಗಿದ್ದವು. ಆ ಬೆರಳಲ್ಲಿ ಅದರ ಎರಡೂ ತೋಳು ಮಡಚಿ, ಬಿಟ್ಟು, ಮತ್ತೆ ಮಡಚಿ ನೋಡಿ "ಇಷ್ಟ ಏನ್ರಿ? ನಾ ಕಬ್ಬಿಣದ್ದು ಅಂದ್ಕೊಂಡಿದ್ದೆ" ಅಂದರು. ಮೂರೂವರೆ ಸೆಂಟಿಮೀಟರ್ ಉದ್ದದ ಮೆತ್ತನೆ ಪ್ಲಾಸ್ಟಿಕ್, ಅದಕ್ಕೆ ಸುತ್ತಿದ ತೆಳು ತಾಮ್ರದ ತಂತಿ, ಕೆಳಗೆ ಎರಡು ಸಣ್ಣ ದಾರ. ಆಮೇಲೆ ಅವರು ಕೇಳಿದ್ದು, ತಾಮ್ರದ ತಂಬಿಗೆ ಹಸಿ ಇಟ್ಟರೆ ಹಸಿರು ಕಟ್ಟುತ್ತದಲ್ಲ, ಇದೂ ಒಳಗೆ ಹಾಗೆ ಆಗುವುದಿಲ್ಲವಾ ಅಂತ. ಒಳ್ಳೆಯ ಪ್ರಶ್ನೆ. ತಾಮ್ರ ಕಬ್ಬಿಣದ ಹಾಗೆ ತುಕ್ಕು ಹಿಡಿದು ಉದುರುವುದಿಲ್ಲ. ಬಹಳ ಸಣ್ಣ ಪ್ರಮಾಣದಲ್ಲಿ ಕರಗುತ್ತಾ ಇರುತ್ತದೆ, ಆ ಕರಗಿದ ತಾಮ್ರವೇ ವೀರ್ಯಾಣುವಿನ ಓಟ ತಡೆಯುವುದು. ಮೈಗೆ ಉಷ್ಣ ಆಗುವಷ್ಟು ಅದು ರಕ್ತಕ್ಕೆ ಸೇರುವುದಿಲ್ಲ.

ಎದೆಗೆ ಏರುವ ಮಾತು. ಗರ್ಭಕೋಶ ಅಂದರೆ ಸಣ್ಣ ಪೇರಲ ಹಣ್ಣಿನಷ್ಟು ದೊಡ್ಡ ಚೀಲ, ಗೋಡೆ ದಪ್ಪ. ಅಲ್ಲಿಂದ ಎದೆಗೆ ದಾರಿಯೇ ಇಲ್ಲ, ನಡುವೆ ಹೊಟ್ಟೆ ಮತ್ತು ಎದೆಯನ್ನು ಬೇರೆ ಮಾಡುವ ಪರದೆ ಬೇರೆ ಇದೆ. ಆದರೆ ಈ ಮಾತು ಹುಟ್ಟಲು ಒಂದು ನಿಜವಾದ ಕಾರಣವೂ ಇದೆ, ಅದನ್ನು ಮುಚ್ಚಿಡಬಾರದು. ಹಾಕುವಾಗ ಗರ್ಭಕೋಶದ ಗೋಡೆ ತೂತಾಗಿ ಕಾಪರ್-ಟಿ ಹೊಟ್ಟೆಯ ಒಳಗೆ ಹೋಗುವುದು ಅಪರೂಪಕ್ಕೆ ಆಗುತ್ತದೆ. ಸಾವಿರಕ್ಕೆ ಒಂದೆರಡು. ಹಾಲು ಕುಡಿಸುವ ತಾಯಂದಿರಲ್ಲಿ ಈ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಹಾಗಾದರೆ ದುರ್ಬೀನಿನಿಂದ ತೆಗೆಯಬೇಕಾಗುತ್ತದೆ. ಅದಕ್ಕೇ ಸಿಸೇರಿಯನ್ ಆದವರು ಕೈ ಪಳಗಿದವರ ಹತ್ತಿರ ಹಾಕಿಸಿಕೊಳ್ಳಬೇಕು, ತಿಂಗಳು ಬಿಟ್ಟು ತಪ್ಪದೆ ಹೋಗಿ ದಾರ ಇದೆಯಾ ಅಂತ ತೋರಿಸಬೇಕು. ಇನ್ನು ಕೆಲವರಿಗೆ, ಅದರಲ್ಲೂ ಮೊದಲ ವರ್ಷದಲ್ಲಿ, ಮುಟ್ಟಿನ ಜೊತೆ ತಾನಾಗಿಯೇ ಜಾರಿ ಬೀಳುತ್ತದೆ. ಬಟ್ಟೆ ಬದಲಿಸುವಾಗ ಗಮನ ಇರಲಿ.

ಉಪಯೋಗದ ಮಾತಿಗೆ ಬಂದರೆ ಇದಕ್ಕೆ ಸಾಟಿ ಕಡಿಮೆ. 380-ಎ ಅನ್ನುವ ಬಗೆ 10 ವರ್ಷ ಬರುತ್ತದೆ, 375 ಅನ್ನುವುದು 5 ವರ್ಷ. ಸರ್ಕಾರಿ ದವಾಖಾನೆಯಲ್ಲಿ ಎರಡೂ ಉಚಿತ. ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಸೋಲುವುದಿಲ್ಲ, ಅಂದರೆ ಹೆಚ್ಚು ಕಡಿಮೆ ಆಪರೇಷನ್ನಿನಷ್ಟೇ ಭರವಸೆ. ಬೇಡ ಅನಿಸಿದ ದಿನ ಎರಡು ನಿಮಿಷದಲ್ಲಿ ತೆಗೆಯುತ್ತೇವೆ, ಮುಂದಿನ ತಿಂಗಳೇ ಬಸಿರಾಗಬಹುದು.

ನಿಮ್ಮ ವಿಷಯದಲ್ಲಿ ನನ್ನನ್ನು ತಡೆಯುವುದು ಒಂದೇ, ಆ 9.2. ಕಾಪರ್-ಟಿ ಹಾಕಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತದೆ. 12 ಇರುವವರು ಅದನ್ನು ತಡೆದುಕೊಳ್ಳುತ್ತಾರೆ. 9 ಇರುವವರಿಗೆ ಹೊಲದ ಕೆಲಸ, ಎರಡು ಮಕ್ಕಳು, ಅದರ ಮೇಲೆ ಈ ರಕ್ತ ಹೋಗುವುದು ಅಂದರೆ ತಲೆ ಸುತ್ತು, ಏದುಸಿರು. ಆಮೇಲೆ ಊರೆಲ್ಲ "ಕಾಪರ್-ಟಿ ಹಾಕಿಸಿಕೊಂಡು ಸೊರಗಿಹೋದಳು" ಅನ್ನುತ್ತದೆ. ಸೊರಗಿಸಿದ್ದು ಮೊದಲೇ ಇದ್ದ ರಕ್ತದ ಕೊರತೆ. ಹಾಕಿಸಬಾರದು ಅಂತ ನಿಯಮ ಏನಿಲ್ಲ, ಆದರೆ ರಕ್ತ ಏರಿಸಿಕೊಂಡು ಹಾಕಿಸಿದರೆ ನೀವು ಅದನ್ನು ಬಾಳಿಸುತ್ತೀರಿ. ಬಿಳಿಮುಟ್ಟು ವಾಸನೆ ಬರುತ್ತಿದ್ದರೆ, ಕಿಬ್ಬೊಟ್ಟೆ ನೋವು ಇದ್ದರೆ, ಮೊದಲು ಸೋಂಕಿಗೆ ಔಷಧಿ ತೊಗೊಂಡು ಆಮೇಲೆ ಹಾಕಿಸಬೇಕು. ಹಾರ್ಮೋನ್ ಇರುವ ಇನ್ನೊಂದು ಬಗೆಯ ಟಿ ಇದೆ, ಅದು ಉಲ್ಟಾ ರಕ್ತ ಕಡಿಮೆ ಮಾಡುತ್ತದೆ, ನಿಮ್ಮಂಥವರಿಗೆ ಬಹಳ ಒಳ್ಳೆಯದು. ಆದರೆ ಖಾಸಗಿಯಲ್ಲಿ ಹಾಕಿಸಲು ಸಾವಿರಗಟ್ಟಲೆ ಖರ್ಚಾಗುತ್ತದೆ.

ಮೂರು ತಿಂಗಳ ಇಂಜೆಕ್ಷನ್ನಿಗೆ ಸರ್ಕಾರ ಇಟ್ಟ ಹೆಸರು ಅಂತರ. 2017ರಿಂದ ಸರ್ಕಾರಿ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಿದ್ದಾರೆ. ಹೆರಿಗೆಯಾಗಿ ಆರು ವಾರದ ಮೇಲೆ ಹಾಲು ಕುಡಿಸುವವರೂ ತೊಗೋಬಹುದು, ಹಾಲಿಗೆ ತೊಂದರೆ ಇಲ್ಲ. ನಿಮ್ಮ ವೈನಿ ಹೇಳಿದ ಕೆಟ್ಟ ರಕ್ತದ ಮಾತಿಗೆ ಉತ್ತರ ಹೀಗೆ ಕೊಡುತ್ತೇನೆ. ಮುಟ್ಟಿನಲ್ಲಿ ಹೋಗುವುದು ಕೆಟ್ಟ ರಕ್ತ ಅಲ್ಲ. ಮಗುವಿಗೆ ಅಂತ ಗರ್ಭಕೋಶದ ಒಳಗೆ ಪ್ರತಿ ತಿಂಗಳು ಒಂದು ಪದರ ಬೆಳೆಯುತ್ತದೆ, ಮಗು ನಿಲ್ಲದಿದ್ದರೆ ಆ ಪದರ ಕಳಚಿ ಬೀಳುತ್ತದೆ. ಇಂಜೆಕ್ಷನ್ ತೊಗೊಂಡರೆ ಆ ಪದರ ಬೆಳೆಯುವುದೇ ಕಡಿಮೆ. ಬಿತ್ತದ ಹೊಲದಲ್ಲಿ ರಾಶಿ ಮಾಡುವುದೇನಿದೆ? ಒಳಗೆ ಉಳಿಯುವಂಥದ್ದು ಏನೂ ಇರುವುದಿಲ್ಲ.

ಆದರೆ ಇದಕ್ಕೂ ತೊಂದರೆಗಳಿವೆ. ಮೊದಲ ಆರು ತಿಂಗಳು ಯಾವಾಗ ಬೇಕಾದರೂ ಹನಿ ಹನಿ ಕಾಣಿಸಬಹುದು. ಪೂಜೆ, ಜಾತ್ರೆ, ಮದುವೆ ಮನೆ ಅಂತ ನೋಡದೆ ಬರುವ ಈ ಹನಿಯಿಂದ ಬೇಸತ್ತು ಎರಡನೇ ಇಂಜೆಕ್ಷನ್ನಿಗೆ ಬರದವರು ಬಹಳ ಜನ. ವರ್ಷ ಆಗುವಷ್ಟರಲ್ಲಿ ಅರ್ಧದಷ್ಟು ಜನರಿಗೆ ಮುಟ್ಟು ನಿಂತೇ ಬಿಡುತ್ತದೆ. ಅದು ತೊಂದರೆ ಅಲ್ಲ, ರಕ್ತ ಕಡಿಮೆ ಇರುವವರಿಗೆ ಅನುಕೂಲವೇ. ಕೆಲವರಿಗೆ ಒಂದೆರಡು ಕಿಲೋ ತೂಕ ಏರುತ್ತದೆ. ಮೂಳೆಯ ಗಟ್ಟಿತನ ತುಸು ಇಳಿಯುತ್ತದೆ, ಬಿಟ್ಟ ಮೇಲೆ ಹೆಚ್ಚು ಕಡಿಮೆ ಮೊದಲಿನಂತಾಗುತ್ತದೆ. ಮುಖ್ಯವಾದದ್ದು ಇನ್ನೊಂದು. ಇಂಜೆಕ್ಷನ್ ಬಿಟ್ಟ ತಕ್ಷಣ ಬಸಿರು ನಿಲ್ಲುವುದಿಲ್ಲ, ಕೊನೆಯ ಇಂಜೆಕ್ಷನ್ ಆಗಿ 7ರಿಂದ 10 ತಿಂಗಳು ಬೇಕಾಗುತ್ತದೆ. ಬಂಜೆಯಾದೆ ಅಂತ ಹೆದರಬೇಡಿ, ತಡ ಆಗುತ್ತದೆ ಅಷ್ಟೇ. ಚುಚ್ಚಿದ ಜಾಗ ಉಜ್ಜಬಾರದು, ಬಿಸಿ ಕಾಸಬಾರದು, ಉಜ್ಜಿದರೆ ಔಷಧಿ ಬೇಗ ಖಾಲಿಯಾಗುತ್ತದೆ. ತಾರೀಕು ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಎರಡು ವಾರ ಮೊದಲೂ ತೊಗೋಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ, ಅದರ ಆಚೆ ಬೇಡ. ಸರಿಯಾಗಿ ಬಂದರೆ ಸೋಲುವುದು ತೀರಾ ಅಪರೂಪ. ಜನ ತಡ ಮಾಡುವುದನ್ನೂ ಸೇರಿಸಿದರೆ ವರ್ಷಕ್ಕೆ ನೂರರಲ್ಲಿ ನಾಲ್ವರು.

ಮಾತ್ರೆಗಳಲ್ಲಿ ನಿಮಗೆ ಹೊಂದುವುದು ಛಾಯಾ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ, ನಮ್ಮ ದೇಶದಲ್ಲೇ ಕಂಡುಹಿಡಿದ ಔಷಧಿ ಅದು. ಸ್ಟೀರಾಯ್ಡ್ ಹಾರ್ಮೋನ್ ಇಲ್ಲ, ಹಾಲು ಕುಡಿಸುವವರಿಗೆ ನಡೆಯುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಉದಾಹರಣೆಗೆ ಭಾನುವಾರ ಮತ್ತು ಬುಧವಾರ. ಆಮೇಲೆ ವಾರಕ್ಕೆ ಒಂದೇ. ಮುಟ್ಟು ಕಡಿಮೆಯಾಗುತ್ತದೆ, ಒಮ್ಮೊಮ್ಮೆ ಮುಂದೆ ಹೋಗುತ್ತದೆ. ಈಚೆಗೆ ಕಾಮಾಲೆ ಆಗಿದ್ದರೆ, ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ) ಇದ್ದರೆ ಬೇಡ. ಇದರ ಕಷ್ಟ ಅಂದರೆ ವಾರಕ್ಕೊಂದು ಅನ್ನುವುದು ದಿನಕ್ಕೊಂದಕ್ಕಿಂತ ಮರೆಯುವುದು ಸುಲಭ. ಸಂತೆ ದಿನವನ್ನೇ ಮಾತ್ರೆಯ ದಿನ ಮಾಡಿಕೊಂಡ ಒಬ್ಬರು ನಾಲ್ಕು ವರ್ಷ ಒಂದೂ ತಪ್ಪಿಸಲಿಲ್ಲ.

ದಿನದ ಮಾತ್ರೆ, ಮಾಲಾ-ಎನ್ ಅಂಥದ್ದು, ಮಗುವಿಗೆ ಆರು ತಿಂಗಳಾದ ಮೇಲೆ ತೊಗೋಬಹುದು. ಆದರೆ ನಿಮ್ಮ ಮನೆಯ ಪರಿಸ್ಥಿತಿಗೆ ನನಗೆ ಒಂದು ಅನುಮಾನ. ಗಂಡ ಊರಲ್ಲಿಲ್ಲದ ಹದಿನೈದು ದಿನವೂ ತಪ್ಪದೆ ನುಂಗಬೇಕು. "ಅವರು ಬಂದಾಗ ನುಂಗಿದರೆ ಸಾಕಲ್ವಾ" ಅಂತ ನುಂಗಿ ಬಸಿರಾದವರನ್ನು ಪ್ರತಿ ವರ್ಷ ನೋಡುತ್ತೇನೆ. ಬಿಪಿ ಇದ್ದವರಿಗೆ, ಕಣ್ಣಿಗೆ ಮಿಂಚು ಬಂದು ಅರ್ಧ ತಲೆನೋವು ಶುರುವಾಗುವವರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದನ್ನು ಕೊಡುವುದಿಲ್ಲ.

ಕಾಂಡೋಮ್ ಬಗ್ಗೆ ನೀವು ಬರೆದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಗಂಡನಿಗೆ ಇದಕ್ಕಿಂತ ಸರಳ ಯಾವುದೂ ಇಲ್ಲ. ನಿರೋಧ್ ಆಶಾ ಹತ್ತಿರವೇ ಸಿಗುತ್ತದೆ. ಪ್ರತಿ ಸಲ, ಮೊದಲಿನಿಂದಲೇ ಹಾಕಿಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. "ಇವತ್ತೊಂದಿನ ಬೇಡ" ಅನ್ನುವುದು ನಡುವೆ ಬರುವುದರಿಂದ ವರ್ಷಕ್ಕೆ ನೂರರಲ್ಲಿ 13 ಜನರಿಗೆ ಸೋಲುತ್ತದೆ. ಹೊರಗೆ ತೆಗೆಯುವ ಉಪಾಯಕ್ಕೆ 20 ಜನ. ಏನೂ ಮಾಡದಿದ್ದರೆ ನೂರರಲ್ಲಿ 85 ಜನ ವರ್ಷದೊಳಗೆ ಬಸಿರಾಗುತ್ತಾರೆ ಅನ್ನುವುದನ್ನು ಪಕ್ಕಕ್ಕಿಟ್ಟು ನೋಡಿದರೆ 13 ಅನ್ನುವುದು ಎಷ್ಟು ಅಂತ ತಿಳಿಯುತ್ತದೆ. ಮತ್ತೆ, ಎಚ್‌ಐವಿಯಂಥ ಸೋಂಕು ತಡೆಯುವುದು ಇಲ್ಲಿ ಹೇಳಿದ್ದರಲ್ಲಿ ಕಾಂಡೋಮ್ ಒಂದೇ. ಯಾರ ಮೇಲೂ ಅನುಮಾನದಿಂದ ಈ ಮಾತು ಹೇಳುತ್ತಿಲ್ಲ, ಎಲ್ಲರಿಗೂ ಹೇಳುತ್ತೇನೆ. ಸೇಫ್ ದಿನಗಳ ಲೆಕ್ಕ ನಿಮಗೆ ಬೇಡವೇ ಬೇಡ, ಮುಟ್ಟೇ ಬರದವರು ಎಲ್ಲಿಂದ ಎಣಿಸುವುದು?

ಇನ್ನು ಜಗಳ ತಂದ ವಿಷಯ. ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸಣ್ಣದು, ಸುರಕ್ಷಿತ, ಸೋಲುವುದೂ ಕಡಿಮೆ, ಸಾವಿರಕ್ಕೆ ಒಬ್ಬಿಬ್ಬರಿಗೆ. ಹೊಟ್ಟೆ ತೆರೆಯುವುದಿಲ್ಲ. ಚಾಕು ಇಲ್ಲದೆ ಒಂದು ಸಣ್ಣ ತೂತು ಮಾಡಿ, 15-20 ನಿಮಿಷದಲ್ಲಿ ಮುಗಿಸಿ, ಅದೇ ದಿನ ಮನೆಗೆ ಕಳಿಸುತ್ತೇವೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು. "ಹೊಲದಾಗ ದುಡಿಯಾಕ ಆಗಂಗಿಲ್ಲ, ಗಂಡಸ್ತನ ಹೊಕ್ಕೈತಿ" ಅನ್ನುವ ಮಾತು ಹುಬ್ಬಳ್ಳಿಯಲ್ಲೂ ಕೇಳುತ್ತೇನೆ, ಕುಂದಗೋಳದಲ್ಲೂ ಕೇಳುತ್ತೇನೆ. ಗಂಡಸುತನದ ಹಾರ್ಮೋನ್ ವೃಷಣದಿಂದ ನೇರ ರಕ್ತಕ್ಕೆ ಸೇರುತ್ತದೆ, ನಾವು ಕಟ್ಟುವುದು ವೀರ್ಯಾಣು ಬರುವ ನಾಳವನ್ನು. ಬಲ ಎಲ್ಲಿಗೂ ಹೋಗುವುದಿಲ್ಲ. ಈ ಭಯದ ಬೇರು ಹಳೆಯದು. 1975-77ರ ತುರ್ತು ಪರಿಸ್ಥಿತಿಯಲ್ಲಿ ದೇಶದ ಎಷ್ಟೋ ಕಡೆ ಗಂಡಸರನ್ನು ಬಲವಂತವಾಗಿ ಹಿಡಿದು ಮಾಡಿಸಿದರು. ಆ ಗಾಯ ಮನೆಮನೆಯ ಮಾತಿನಲ್ಲಿ ಇನ್ನೂ ಉಳಿದಿದೆ. ಒಂದು ಎಚ್ಚರ ಮಾತ್ರ ಬೇಕು, ಮಾಡಿಸಿದ ದಿನದಿಂದಲೇ ಕೆಲಸ ಮಾಡುವುದಿಲ್ಲ. ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಅಂತ ಬಂದ ಮೇಲೆಯೇ ನಿಶ್ಚಿಂತೆ. ಇದನ್ನು ಪಾಲಿಸದೆ ಹೆಂಡತಿ ಬಸಿರಾಗಿ, ಆ ಬಡಪಾಯಿಯ ಮೇಲೆ ಇಲ್ಲದ ಅಪವಾದ ಹೊರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಇದೂ ಶಾಶ್ವತವೇ. ಮಗನಿಗೆ ಎಂಟು ತಿಂಗಳು ಅನ್ನುವ ಕಾರಣ ನಿಮಗೆ ಎಷ್ಟು ಸರಿಯೋ ನಿಮ್ಮ ಯಜಮಾನರಿಗೂ ಅಷ್ಟೇ ಸರಿ. ಹಾಗಾಗಿ ಈಗ ಇದಕ್ಕೆ ಜಗಳ ಬೇಡ, ಐದಾರು ವರ್ಷ ಬಿಟ್ಟು ಮಾತು ಎತ್ತಿ.

ನೀವು ನನ್ನ ಮುಂದೆ ಕೂತಿದ್ದರೆ ಏನು ಹೇಳುತ್ತಿದ್ದೆ ಅಂದರೆ, ಪರೀಕ್ಷೆ ನೆಗೆಟಿವ್ ಅಂತ ಗಟ್ಟಿಯಾಗುವವರೆಗೆ ಕಾಂಡೋಮ್. ಆಮೇಲೆ ಅಂತರ ಇಂಜೆಕ್ಷನ್, ಎರಡು ಅಥವಾ ಮೂರು ಸಲ. ಆ ಆರರಿಂದ ಒಂಬತ್ತು ತಿಂಗಳಲ್ಲಿ ರಕ್ತ ಏರಿಸಿಕೊಳ್ಳಿ. ಕೆಂಪು ಕಬ್ಬಿಣದ ಮಾತ್ರೆ ದಿನಾ ನುಂಗಿ, ಊಟ ಆಗಿ ಒಂದು ತಾಸು ಬಿಟ್ಟು, ಲಿಂಬೆಹಣ್ಣಿನ ನೀರಿನ ಜೊತೆ. ಚಹಾದ ಜೊತೆ ಬೇಡ, ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾದರೆ ಹೆದರಬೇಡಿ. ಜಂತುಹುಳದ ಮಾತ್ರೆ ಕೇಳಿ ತೊಗೊಳ್ಳಿ. ರಕ್ತ 11 ದಾಟಿದ ಮೇಲೆ 10 ವರ್ಷದ ಕಾಪರ್-ಟಿ. ಆಗ ನಿಮ್ಮ ಮಗ ಓಡಾಡುತ್ತಿರುತ್ತಾನೆ, ಹೊಲಿಗೆಯೂ ಗಟ್ಟಿಯಾಗಿರುತ್ತದೆ. ಆಪರೇಷನ್ ಬೇಕೋ ಬೇಡವೋ ಅಂತ 30 ದಾಟಿದ ಮೇಲೆ ಯೋಚಿಸಿದರೂ ತಡ ಆಗುವುದಿಲ್ಲ. ಇಂಜೆಕ್ಷನ್ ಬೇಡ ಅನಿಸಿದರೆ ಆ ಜಾಗಕ್ಕೆ ಛಾಯಾ ಇಟ್ಟುಕೊಳ್ಳಿ, ಜೊತೆಗೆ ಕಾಂಡೋಮ್ ಇರಲಿ.

ಅತ್ತೆಗೆ ಏನು ಹೇಳುವುದು ಅನ್ನುವುದೇ ನಿಮ್ಮ ದೊಡ್ಡ ಚಿಂತೆ ಅಂತ ನನಗೆ ಗೊತ್ತು. ಎದುರು ಮಾತಾಡುವ ಅಗತ್ಯ ಇಲ್ಲ. "ರಕ್ತ ಕಡಿಮೆ ಐತಂತ, ಮೊದಲು ಅದನ್ನ ಸರಿ ಮಾಡ್ಕೊ ಅಂದಾರ ಡಾಕ್ಟರ್" ಅನ್ನಿ. ಅದು ಸುಳ್ಳಲ್ಲ, ನಾನೇ ಹೇಳುತ್ತಿದ್ದೇನೆ. ಸಾಧ್ಯವಾದರೆ ಅವರನ್ನೂ ದವಾಖಾನೆಗೆ ಕರೆದುಕೊಂಡು ಹೋಗಿ. ಅತ್ತೆಯಂದಿರ ಕೈಗೂ ನಾನು ಆ ಕಾಪರ್-ಟಿ ಕೊಡುತ್ತೇನೆ, ಮನೆಯ ದಾರಿಯಲ್ಲಿ ಅವರೇ ಸೊಸೆಗೆ ಧೈರ್ಯ ಹೇಳಿದ್ದೂ ಇದೆ. ಇಂಜೆಕ್ಷನ್ನಿಗಾಗಲಿ, ಕಾಪರ್-ಟಿಗಾಗಲಿ ಗಂಡನ ಸಹಿ ಬೇಕಿಲ್ಲ. ಆಪರೇಷನ್ನಿಗೂ ಸರ್ಕಾರದ ನಿಯಮದಲ್ಲಿ ಅದು ಕಡ್ಡಾಯ ಅಲ್ಲ. ಹಾಗೇ, ನಿಮ್ಮ ಮನಸ್ಸಿಲ್ಲದೆ ನಿಮ್ಮಿಂದ ಹೆಬ್ಬೆಟ್ಟು ಒತ್ತಿಸುವ ಅಧಿಕಾರವೂ ಯಾರಿಗೂ ಇಲ್ಲ.

ದವಾಖಾನೆಗೆ ಹೋಗುವಾಗ ತಾಯಿ ಕಾರ್ಡ್ ಮತ್ತು ಸಿಸೇರಿಯನ್ ಡಿಸ್ಚಾರ್ಜ್ ಚೀಟಿ ಎರಡನ್ನೂ ತೊಗೊಂಡು ಹೋಗಿ, ರಕ್ತವನ್ನು ಹೊಸದಾಗಿ ಪರೀಕ್ಷೆ ಮಾಡಿಸಿ. 9.2 ಅನ್ನುವುದು ಯಾವಾಗಿನದೋ, ಈಗ ಎಷ್ಟಿದೆ ಅಂತ ನೋಡಬೇಕು. ಎಂಟಕ್ಕಿಂತ ಕೆಳಗೆ ಬಂದಿದ್ದರೆ ಮಾತ್ರೆಗೆ ಕಾಯದೆ ಡಾಕ್ಟರ್ ಹತ್ತಿರ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಬಗ್ಗೆ ಕೇಳಿ. ಯಜಮಾನರು ಮುಂದಿನ ಸಲ ಮನೆಗೆ ಬರುವ ಮೊದಲು ಇಷ್ಟು ಮಾಡಿ ಮುಗಿಸಿ. ಪರೀಕ್ಷೆಯಲ್ಲಿ ಏನು ಬಂತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.